ಚಾವಡಿಯ ಕಂಬಕ್ಕೊಂದು ಸುಣ್ಣದ ಚುಕ್ಕಿ

೨೦೧೪ರ ಜೂನ್ ೨೨, ಭಾನುವಾರ. ಬರೆಯಲು ಕೂತಾಗ ಬೆಳಗ್ಗೆ ಆರು ಗಂಟೆ ಮೂವತ್ತೈದು ನಿಮಿಷ.

ಇದಕ್ಕೆ ಸ್ವಲ್ಪ ಮೊದಲು ನಾನು ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರಿಗೆ, "ಚಹಾಕ್ಕ ಸಕ್ಕರಿ ಬಿದ್ದಿಲ್ಲಂತ ಹೇಳು" ಎಂದೆ. ಸಿಲಿಂಡರಿನ ಪಕ್ಕದಲ್ಲೇ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಅವಳೂ ಸಿಲಿಂಡರಿಗೇ ಉತ್ತರ ಕೊಟ್ಟಳು: "ಪೇಪರಿಗೆ ಬರಿಯಾಕ ಹೊಂಟಾಕಿಗೆ ಸಕ್ಕರಿ ಡಬ್ಬಿ ಎಲ್ಲೈತಂತ ಗೊತ್ತಿರಬೇಕಂತ ಹೇಳು."

ನಮ್ಮಿಬ್ಬರಿಗೆ ನಿನ್ನೆ ಸಂಜೆಯಿಂದ ಮಾತಿಲ್ಲ. ಈ ಬರಹ ಬರೆಯುತ್ತೇನೆ ಅಂದದ್ದಕ್ಕೆ ಅವ್ವ, "ಓಣ್ಯಾಗ ಹೋದ ಮಾನ ಸಾಲದನು? ಊರೂರಿಗೆ ಹಂಚಬೇಕನು?" ಎಂದು ಒಳಗೆ ಹೋದವಳು ಹೊರಗೆ ಬಂದಿಲ್ಲ. ಮಾತಿಲ್ಲ ಅಂದರೆ ಮನೆ ಶಾಂತವಾಗಿದೆ ಎಂದು ತಿಳಿಯಬೇಡಿ. ನಮ್ಮ ಮನೆಯಲ್ಲಿ ಸಿಟ್ಟು ಬಂದಾಗಲೇ ಮಾತು ಜಾಸ್ತಿ. ಎದುರಿಗಿರುವ ಮನುಷ್ಯರಿಗೆ ಹೇಳುವುದಿಲ್ಲ, ಅಷ್ಟೆ. ಬಾಗಿಲ ಚೌಕಟ್ಟಿಗೆ, ನೀರಿನ ಕೊಡಕ್ಕೆ, ಗೋಡೆಯ ಮೇಲಿನ ಹಲ್ಲಿಗೆ ಹೇಳುತ್ತೇವೆ. ಅಪ್ಪ ಒಮ್ಮೆ ವಾರವಿಡೀ ಸೀಲಿಂಗ್ ಫ್ಯಾನಿನ ಮೂಲಕ ಸಂಸಾರ ನಡೆಸಿದ್ದ. ಕರೆಂಟು ಹೋಗಿ ಫ್ಯಾನು ನಿಂತಾಗ ಅವ್ವ, "ಈಗ ಅದಕ್ಕ ಕೇಳಸ್ತೈತಿ, ಒದರಬ್ಯಾಡಂತ ಹೇಳು" ಎಂದಳು. ಅಪ್ಪನಿಗೆ ನಗು ತಡೆಯಲಾಗದೆ ರಾಜಿಯಾಯಿತು.

ಎಲ್ಲರ ಮನೆಯಲ್ಲೂ ಹೀಗೇ ಎಂದು ನಾನು ಬಹಳ ದಿನ ನಂಬಿದ್ದೆ. ನಾರಾಯಣಪೇಟೆಯಲ್ಲಿ ಡಿಗ್ರಿಗೆ ಸೇರಿ ಹಾಸ್ಟೆಲಿಗೆ ಹೋದ ಮೊದಲ ತಿಂಗಳು ನನ್ನ ಬಕೆಟನ್ನು ಧನ್ವಾಡದ ಒಬ್ಬ ಹುಡುಗಿ ಕೇಳದೆ ಒಯ್ದಳು. ನಾನು ನನ್ನ ಟ್ರಂಕಿನ ಕಡೆ ತಿರುಗಿ, "ಇನ್ನೊಮ್ಮೆ ಮುಟ್ಟಬ್ಯಾಡಂತ ಹೇಳು" ಎಂದೆ. ಅವಳು ಬಕೆಟು ಕೆಳಗಿಟ್ಟು, ತನ್ನ ಹಾಸಿಗೆ ಸುತ್ತಿಕೊಂಡು ಪಕ್ಕದ ರೂಮಿಗೆ ಹೋದಳು. ಊಟದ ಹೊತ್ತಿಗೆ ಹಾಸ್ಟೆಲಿಗೆಲ್ಲ ಗೊತ್ತಾಗಿತ್ತು. "ಆ ಅಮ್ಮಾಯಿ ಪೆಟ್ಟೆತೋ ಮಾಟ್ಲಾಡುತುಂದಿ" ಎಂದು ತೆಲುಗಿನಲ್ಲಿ ಪಿಸುಗುಟ್ಟುತ್ತಿದ್ದರು. ಆ ಹುಡುಗಿ ಪೆಟ್ಟಿಗೆಯ ಜೊತೆ ಮಾತಾಡುತ್ತಾಳಂತೆ. ಆ ದಿನ ನನ್ನ ಡೈರಿಯ ಅಂಚಿನಲ್ಲಿ ಮೊದಲ ಸಲ ಒಂದು ಕೆಂಪು ಗೀಟು ಎಳೆದೆ. ಅಂದಿನಿಂದ ಮಾನ ಹೋದ ದಿನಕ್ಕೊಂದು ಗೀಟು. ವರ್ಷದ ಕೊನೆಗೆ ಕೂಡಿಸುತ್ತೇನೆ. ಮೊತ್ತ ಹೇಳುವುದಿಲ್ಲ, ಅದಕ್ಕೇ ಇನ್ನೊಂದು ಗೀಟು ಎಳೆಯಬೇಕಾಗುತ್ತದೆ.

ಈ ಗೀಟುಗಳ ಬೆನ್ನು ಹತ್ತಿ ಹಿಂದೆ ಹೋದರೆ ಅವು ಒಂದೇ ಜಾಗದಲ್ಲಿ ಹೋಗಿ ನಿಲ್ಲುತ್ತವೆ. ಅದು ಮಕ್ತಲದ ನಮ್ಮ ಪೇಟೆಯ ಹಳೇ ಚಾವಡಿ.

ಎದೆ ಎತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಹದಿನಾರು ಕರಿಕಲ್ಲಿನ ಕಂಬ, ಮೂರು ಕಡೆ ಬಯಲು, ಒಂದು ಕಡೆ ಗೋಡೆ. ಊರಿನ ನ್ಯಾಯ, ನೀರಿನ ಸರದಿ, ಜಾತ್ರೆಯ ಪಟ್ಟಿ, ಹೊಲದ ಬದುವಿನ ಜಗಳ ಎಲ್ಲ ಅಲ್ಲೇ ತೀರುತ್ತಿದ್ದವು. ಕಟ್ಟಿಸಿದವರು ಯಾರೆಂದು ಗೊತ್ತಿಲ್ಲ. ಕಂಬಗಳ ದುಂಡು ನೋಡಿದವರು ಚಾಲುಕ್ಯರು ಅನ್ನುತ್ತಾರೆ, ಮಾಡಿನ ಇಳಿಜಾರು ನೋಡಿದವರು ಬಿಜಾಪುರದವರು ಅನ್ನುತ್ತಾರೆ. ತೊಲೆಯ ಮೇಲೆ ಒಂದು ಶಾಸನವಿದೆ, ಸವೆದು ಹೋಗಿದೆ. ಅಕ್ಷರದ ತಗ್ಗಿಗೆ ಮೈದಾ ಹಿಟ್ಟು ತುಂಬಿದರೆ ಓದಲು ಬರುತ್ತದೆ ಎಂದು ಕಾಲೇಜಿನಲ್ಲಿ ಯಾರೋ ಹೇಳಿದ್ದರು. ಏಣಿ ಹಾಕಿ ಅರ್ಧ ಕಿಲೋ ಮೈದಾ ತುಂಬಿ, ಕ್ಯಾಮೆರಾ ತರಲು ಮನೆಗೆ ಹೋಗಿ ಬರುವಷ್ಟರಲ್ಲಿ ಇರುವೆಗಳು ಸಾಲುಗಟ್ಟಿದ್ದವು. ಕೆಳಗೆ ನಿಂತಿದ್ದ ನಮ್ಮಜ್ಜಿ, "ಇರಿವಿ ಓದಿ ಮುಗಿಸಿದವು. ನಿನಗೇನರ ತಿಳೀತನು?" ಎಂದಳು. ನನಗೆ ತಿಳಿದದ್ದು ಇಷ್ಟೆ: ನಿಜಾಮರ ಕಾಲದಲ್ಲಿ ಅಲ್ಲಿ ಪಂಚರು ಕೂಡುತ್ತಿದ್ದರು. ಆಮೇಲೆ ಅದು ಒಂದನೇ ಇಯತ್ತೆಯ ಶಾಲೆಯಾಯಿತು, ರೇಷನ್ ಅಂಗಡಿಯಾಯಿತು, ಓಟಿನ ಬೂತಾಯಿತು. ತೆಲಂಗಾಣದ ಹೋರಾಟದಲ್ಲಿ ಹೆಂಗಸರು ಅದರ ಮುಂದಿನ ರಸ್ತೆಯ ಮೇಲೇ ಒಲೆ ಹೂಡಿ ಅಡುಗೆ ಮಾಡಿ ಊರಿಗೆಲ್ಲ ಉಣಿಸಿದರು. ಆ ಹೊಗೆ ಒಂದೆರಡು ಕಂಬಕ್ಕೆ ಇನ್ನೂ ಮೆತ್ತಿದೆ.

ಈಗ ಕಂಬದ ಮಾತು. ಮೆಟ್ಟಿಲ ಬಲಕ್ಕಿರುವ ಮೊದಲನೇ ಕಂಬ ಹೆಂಗಸರದು. ಹೆಂಗಸರು ಚಾವಡಿ ಹತ್ತುವಂತಿರಲಿಲ್ಲ, ಪಂಚರಿಗೆ ನೇರ ಮಾತಾಡುವಂತೆಯೂ ಇರಲಿಲ್ಲ. ದೂರು ಇದ್ದವಳು ಕೆಳಗೆ ನೆಲದ ಮೇಲೆ ನಿಂತು, ಸೆರಗು ಮುಂದೆಳೆದುಕೊಂಡು, "ಕಂಬಪ್ಪಾ, ಕೇಳು" ಎಂದು ಕಂಬಕ್ಕೆ ಹೇಳಬೇಕಿತ್ತು. ಪಂಚರು ಕೇಳಿಸದವರ ಹಾಗೆ ಕೂತು, ತಮ್ಮ ಪ್ರಶ್ನೆಯನ್ನೂ ಕಂಬಕ್ಕೇ ಕೇಳುತ್ತಿದ್ದರು. ಉತ್ತರವೂ ಕಂಬಕ್ಕೇ. ತೀರ್ಮಾನ ಅಂದೇ ಆಗದಿದ್ದರೆ ಮುಂದಿನ ಸೋಮವಾರಕ್ಕೆ ವಾಯಿದೆ ಹಾಕುತ್ತಿದ್ದರು. ಆಗ ದೂರು ಕೊಟ್ಟವಳಾಗಲಿ ದೂರು ಹೊತ್ತವಳಾಗಲಿ ತನ್ನ ಎಲೆ ಅಡಿಕೆಯ ಸುಣ್ಣದಿಂದ ಕಂಬದ ಮೇಲೆ ಬೆರಳಿನಿಂದ ಒಂದು ಚುಕ್ಕಿ ಇಡುತ್ತಿದ್ದಳು. ಫೈಸಲಾ ಆದ ದಿನ ಪಂಚರಲ್ಲಿ ಒಬ್ಬರು ಬಂದು ಅದನ್ನು ಒರೆಸುತ್ತಿದ್ದರು. ಯಾರೂ ಒರೆಸದೆ ಚುಕ್ಕಿ ತಾನಾಗಿ ಅಳಿಸಿಹೋದರೆ, ಅವಳೇ ಪ್ರಕರಣ ಬಿಟ್ಟಳು ಎಂದು ಲೆಕ್ಕ.

ನಮ್ಮಜ್ಜಿ ನೀಲವ್ವ ಮದುವೆಯಾಗಿ ಈ ಪೇಟೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹದಿನೈದೋ ಹದಿನಾರೋ ವಯಸ್ಸು. ಆ ಶ್ರಾವಣದಲ್ಲಿ ಪಟೇಲರ ಮನೆಯಲ್ಲಿ ಮದುವೆ. ಬೀಗರಿಗೆ ಕೈ ತೊಳೆಯಲು ಇಟ್ಟಿದ್ದ ಬೆಳ್ಳಿ ಕಟ್ಟಿನ ತಂಬಿಗೆ ಕಾಣೆಯಾಯಿತು. ಕೊನೆಯಲ್ಲಿ ಅದನ್ನು ಹಿಡಿದದ್ದು ನೀಲವ್ವ ಎಂದು ಯಾರೋ ಅಂದರು. ಅಜ್ಜಿಯನ್ನು ಚಾವಡಿಗೆ ಕರೆಸಿದರು. "ಬಾವಿ ಕಟ್ಟಿ ಮ್ಯಾಲ ಇಟ್ಟು ಬಂದೀನಿ ಕಂಬಪ್ಪಾ" ಎಂದು ಅವಳು ಹೇಳಿದಳು. ಪಂಚರಲ್ಲಿ ಒಬ್ಬರು ಊರಲ್ಲಿರಲಿಲ್ಲ, ವಾಯಿದೆ ಬಿತ್ತು, ಅಜ್ಜಿ ಕಂಬಕ್ಕೆ ಚುಕ್ಕಿ ಇಟ್ಟಳು. ಮುಂದಿನ ಸೋಮವಾರವೂ ವಾಯಿದೆ. ಅಷ್ಟರಲ್ಲಿ ನಿಜಾಮರ ಆಡಳಿತ ಮುಗಿಯುವ ಗಲಾಟೆ. ಮನೆ ಬಿಟ್ಟು ನೆಂಟರ ಊರಿಗೆ ಹೋದವರು ತಿರುಗಿ ಬರುವಷ್ಟರಲ್ಲಿ ಹೊಸ ಸರ್ಕಾರ, ಹೊಸ ಕಚೇರಿ. ಪಂಚರು ಮತ್ತೆ ಕೂಡಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಪಟೇಲರ ಬಾವಿಯ ಹೂಳು ತೆಗೆದರು. ರಾಡಿಯ ಜೊತೆ ತಂಬಿಗೆಯೂ ಮೇಲೆ ಬಂತು. ನೀರು ತರಲು ಹೋದ ಅಜ್ಜಿ ಅದನ್ನು ಕಣ್ಣಾರೆ ನೋಡಿದಳು. ಪಟೇಲರ ಮನೆಯವರು ಹುಣಸೆಹಣ್ಣು ಹಚ್ಚಿ ತಿಕ್ಕಿ ಒಳಗಿಟ್ಟರು. ಎಲ್ಲರಿಗೂ ಗೊತ್ತಾಯಿತು. ಎಲ್ಲರಿಗೂ ಗೊತ್ತಾದ ಮೇಲೆ ಹೇಳುವುದೇನಿದೆ ಎಂದು ಯಾರೂ ಹೇಳಲಿಲ್ಲ.

ಹೇಳದೆ ಉಳಿದದ್ದು ಚೇಷ್ಟೆಯಾಯಿತು. ಪೇಟೆಯಲ್ಲಿ ಯಾವುದೇ ಮದುವೆಯಾಗಲಿ, ಅಜ್ಜಿ ಚಪ್ಪರದೊಳಗೆ ಕಾಲಿಟ್ಟರೆ ಯಾರಾದರೊಬ್ಬರು, "ನೀಲವ್ವ ಬಂದ್ಲು, ತಂಬಿಗಿ ಎಣಸ್ರೆವಾ!" ಅನ್ನುತ್ತಿದ್ದರು. ದ್ವೇಷವೇನಿಲ್ಲ. ಅಂದವರೇ ಕೈ ಹಿಡಿದು ಊಟಕ್ಕೆ ಕೂಡಿಸುತ್ತಿದ್ದರು. ಅಂದವರು ಸತ್ತ ಮೇಲೆ ಅವರ ಮಕ್ಕಳು ಅಂದರು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಗೆಳತಿಯ ಅಕ್ಕನ ಮದುವೆಗೆ ಹೋಗಿದ್ದೆ. ನನ್ನದೇ ವಯಸ್ಸಿನ ಹುಡುಗಿಯೊಬ್ಬಳು, "ನೀಲವ್ವನ ಮೊಮ್ಮಗಳು ಬಂದ್ಲು, ಎಣಸ್ರಿ" ಎಂದಳು. ಅವಳಿಗೆ ಏನು ಎಣಿಸಬೇಕು ಎಂದೂ ಗೊತ್ತಿರಲಿಲ್ಲ. ನಾನೂ ನಕ್ಕೆ. ನಗುತ್ತಲೇ ಕಿವಿ ಬಿಸಿಯಾದದ್ದು ನೆನಪಿದೆ. ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳು ಅನ್ನ ಬಸಿಯುತ್ತ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನೀರು ಕುಡದ್ಯನು?"

ಆಗ ಗಮನಿಸಿದೆ. ನಮ್ಮವ್ವ ಯಾವ ಮದುವೆಯಲ್ಲೂ ನೀರು ಕುಡಿಯುವುದಿಲ್ಲ. ಉಂಡು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಬೇಸಿಗೆಯ ಬಿಸಿಲಲ್ಲಿ ಮನೆಯವರೆಗೆ ನಡೆದು ಬಂದು, ಬಾಗಿಲಲ್ಲೇ ನಿಂತು ಒಂದು ಚೊಂಬು ನೀರು ಗಟಗಟ ಕುಡಿಯುತ್ತಾಳೆ. ಅಂದಿನಿಂದ ನಾನೂ ಹಾಗೇ.

ಇದರ ಮಧ್ಯೆ ಅಜ್ಜಿ ಪ್ರತಿ ಸೋಮವಾರ ಬೆಳಗ್ಗೆ ಸುಣ್ಣದ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಪೇಶಿ ಐತಿ, ಹೋಗಿ ಬರ್ತೀನಿ" ಎಂದು ಹೊರಡುತ್ತಿದ್ದಳು. ಕೋರ್ಟಿನಲ್ಲಿ ವಿಚಾರಣೆಗೆ ಹೆಸರು ಕೂಗುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಹಳಬರು ಪೇಶಿ ಅನ್ನುತ್ತಾರೆ. ಅಜ್ಜಿ ತನ್ನ ಪೂಜೆಯನ್ನು ತಮಾಷೆಗೆ ಹಾಗೆ ಕರೆಯುತ್ತಾಳೆ ಎಂದು ಮನೆಯವರೆಲ್ಲ ತಿಳಿದಿದ್ದೆವು. ಪೇಟೆಯವರೂ ಪೂಜೆ ಎಂದೇ ತಿಳಿದರು. ಹೊಸದಾಗಿ ಬಂದ ಸೊಸೆಯಂದಿರು ಅಜ್ಜಿಯನ್ನು ನೋಡಿ ಕಂಬಕ್ಕೆ ಅರಿಶಿಣ ಹಚ್ಚಿದರು. ಒಬ್ಬಳ ಮಗುವಿಗೆ ಜ್ವರ ಇಳಿಯಿತು, ಕುಂಕುಮ ಬಂತು. ಇನ್ನೊಬ್ಬಳ ಗಂಡ ಕುಡಿತ ಬಿಟ್ಟ, ತೆಂಗಿನಕಾಯಿ ಬಂತು. ಕಂಬಕ್ಕೆ ಕಂಬದವ್ವ ಎಂದು ಹೆಸರಾಯಿತು. ಅಜ್ಜಿಗೆ ಉರಿಯುತ್ತಿತ್ತು. ಅರಿಶಿಣದ ಕೆಳಗೆ ಅವಳ ಚುಕ್ಕಿ ಮುಚ್ಚಿಹೋಗುತ್ತಿತ್ತಲ್ಲ. ನೀರು ಹೊಯ್ದು, ಉಜ್ಜಿ ತೊಳೆದು, ಹಳೆ ಜಾಗ ಹುಡುಕಿ ಮತ್ತೆ ಚುಕ್ಕಿ ಇಡುತ್ತಿದ್ದಳು. ಹೆಂಗಸರು ಅದನ್ನು ಅಭಿಷೇಕ ಎಂದುಕೊಂಡು ಆ ನೀರನ್ನು ಬೊಗಸೆಯಲ್ಲಿ ಹಿಡಿದು ತೀರ್ಥವೆಂದು ಕುಡಿದರು. ಅಜ್ಜಿ ಬೈಯುತ್ತಿದ್ದಳು, ಅವರು ಅದನ್ನು ಮಂತ್ರ ಅಂದುಕೊಂಡರು.

ಇದೆಲ್ಲ ನನಗೆ ಈಗ ಗೊತ್ತು. ಈ ತಿಂಗಳ ಎರಡನೆಯ ತಾರೀಖಿನ ತನಕ ಗೊತ್ತಿರಲಿಲ್ಲ. ಆ ದಿನಕ್ಕೆ ನನ್ನ ಡೈರಿಯಲ್ಲಿ ಗೀಟುಗಳೇ ಒಂದು ಸಾಲು ಇವೆ.

ತೆಲಂಗಾಣ ಹೊಸ ರಾಜ್ಯವಾಗುವ ದಿನ ಚಾವಡಿಯಲ್ಲಿ ಧ್ವಜ ಹಾರಿಸಬೇಕೆಂದು ಪೇಟೆಯಲ್ಲಿ ಕಮಿಟಿಯಾಯಿತು. ಅಧ್ಯಕ್ಷರು ಪಟೇಲರ ಮನೆಯ ಬಸಣ್ಣ ಕಾಕಾ. ಒಳ್ಳೆಯವರು, ಎಲ್ಲರನ್ನೂ ನಗಿಸುವವರು. ಅವರಿಗೆ ಎರಡು ಯೋಚನೆ. ಒಂದು, ಚಾವಡಿಯ ಚರಿತ್ರೆ ಬರೆಸಿ ಬೋರ್ಡು ಹಾಕಿಸುವುದು. ಇನ್ನೊಂದು, ಮೆಟ್ಟಿಲ ಬಲಗಡೆಯ ಕಂಬ ವೇದಿಕೆಗೆ ಅಡ್ಡವಾಗುವುದರಿಂದ, ಸಮಾರಂಭ ಮುಗಿದ ಮೇಲೆ ಕಬ್ಬಿಣದ ತೊಲೆ ಕೊಟ್ಟು ಅದನ್ನು ತೆಗೆಸುವುದು. ಚರಿತ್ರೆ ಬರೆಯುವ ಕೆಲಸ ನನಗೆ ಬಂತು. "ನೀ ಬಿ.ಎ. ಹಿಸ್ಟ್ರಿ, ತಾರೀಕು ತಪ್ಪಂಗಿಲ್ಲ" ಎಂದರು. ನಾನು ಕ್ರಮವಾಗಿ ಹನ್ನೊಂದು ಮನೆಗೆ ಹೋಗಿ, ಹಿರಿಯರನ್ನು ಕೇಳಿ ಬರೆದುಕೊಂಡೆ. ನಮ್ಮ ಮನೆಯನ್ನು ಬಿಟ್ಟೆ. ಅಜ್ಜಿಯ ಬಾಯಿ ತೆರೆಸಿದರೆ ತಂಬಿಗೆ ಹೊರಗೆ ಬರುತ್ತದೆ, ಬೋರ್ಡಿನ ಮಾತು ಊರಿಗೆಲ್ಲ ನಗೆಯಾಗುತ್ತದೆ ಎಂಬ ಅಂಜಿಕೆ. ಹನ್ನೊಂದು ಮನೆಯವರೂ ಕಂಬದವ್ವನ ಮಹಿಮೆ ಹೇಳಿದರು. ಹನ್ನೊಂದಕ್ಕೆ ಹನ್ನೊಂದು ಸಾಕ್ಷಿ ಸೇರಿದ್ದಕ್ಕೆ ಖುಷಿಪಟ್ಟು ಬರೆದೆ, ಮೇಲೆ ತೆಲುಗು, ಕೆಳಗೆ ಕನ್ನಡ.

ಜೂನ್ ಎರಡು ಸೋಮವಾರವಾಗಿತ್ತು.

ಧ್ವಜ ಏರಿತು, ಹುಡುಗರು ಜೈ ಕೂಗಿದರು, ಲಾಡು ಹಂಚಿದರು. ಬಸಣ್ಣ ಕಾಕಾ ನನ್ನ ಕೈಗೆ ಮೈಕು ಕೊಟ್ಟು ಬೋರ್ಡು ಓದಲು ಹೇಳಿದರು. ಓದುತ್ತ, "ಮೆಟ್ಟಿಲ ಬದಿಯ ಕಂಬದಲ್ಲಿ ಕಂಬದವ್ವ ದೇವಿ ಅನಾದಿ ಕಾಲದಿಂದ ನೆಲೆಸಿದ್ದಾಳೆ" ಎಂಬಲ್ಲಿಗೆ ಬಂದೆ. ಅಜ್ಜಿ ಜನರ ನಡುವಿನಿಂದ ಬಂದು ಕಂಬದ ಎದುರು ನಿಂತಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಸುಣ್ಣದ ಡಬ್ಬಿ.

"ಕಂಬಪ್ಪಾ," ಅಂದಳು, "ನೀ ಯಾವಾಗ ಹೆಣ್ಣಾದ್ಯೋ?"

ಚಾವಡಿ ನಕ್ಕಿತು. ಬಸಣ್ಣ ಕಾಕಾ ಮೆಟ್ಟಿಲ ತನಕ ಬಂದರು.

"ಬಾ ಅಜ್ಜೀ, ಮ್ಯಾಲ ಬಾ. ಪ್ಯಾಟ್ಯಾಗ ನೀನ ದೊಡ್ಡಾಕಿ. ಹೊಸ ರಾಜ್ಯ ಬಂತು ನೋಡು!"

ಅಜ್ಜಿ ಅವರ ಕಡೆ ನೋಡಲಿಲ್ಲ. "ಹೊಸ ರಾಜ್ಯ ಬಂತಂತ ಕಂಬಪ್ಪಾ. ಹೈದರಾಬಾದ್ ಸರ್ಕಾರ ಹೋತು, ನನ್ನ ಪೇಶಿ ತೆಗೀಲಿಲ್ಲ. ಆಂಧ್ರ ಸರ್ಕಾರ ಬಂತು, ಅದೂ ಹೋತು. ಇವರರ ತೆಗೀತಾರನು ಕೇಳು."

"ಯಾವ ಪೇಶಿ ಅಜ್ಜೀ?"

"ನನ್ನ ಕೇಳಬ್ಯಾಡ ಅನ್ನು. ನಿನ್ನ ಕೇಳಬೇಕು ಅನ್ನು."

ಕಾಕಾ ಜನರ ಕಡೆ ಕಣ್ಣು ಮಿಟುಕಿಸಿ, ಕಂಬಕ್ಕೆ ಕೈ ಮುಗಿದು, "ಯಾವ ಪೇಶಿ ಕಂಬಪ್ಪಾ?" ಎಂದರು.

"ತಂಬಿಗಿದು ಅನ್ನು."

ಹಿಂದಿನಿಂದ ಯಾರೋ ಹುಡುಗ, "ಎಣಸ್ರಲೇ!" ಎಂದು ಕೂಗಿದ. ನಗು ಅಲೆಯಾಗಿ ಮುಂದಿನವರೆಗೆ ಬಂತು. ಮೈಕು ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಬಾಯಿಂದ ಆದಷ್ಟು ದೂರ ಹಿಡಿದು, ಬೋರ್ಡಿನ ಮೇಲೆ ನಾನೇ ಬರೆದ ಅಕ್ಷರಗಳಲ್ಲಿ ತಪ್ಪು ಹುಡುಕುವವಳ ಹಾಗೆ ನಿಂತೆ. ಅಜ್ಜಿಯ ಕಡೆ ನೋಡಲಿಲ್ಲ. ಕೆಳಗೆ ಹೆಂಗಸರ ನಡುವೆ ಅವ್ವ ಕೂತಿದ್ದಳು, ಅವಳು ತನ್ನ ಲಾಡುವನ್ನು ನೋಡುತ್ತಿದ್ದಳು.

ಕಾಕಾ ನಗುವನ್ನು ಕೈಯಿಂದ ತಡೆದರು. "ಅದು ಹಳೇ ಚಾಷ್ಟಿ ಅಜ್ಜೀ, ಮನಸಿಗೆ ಹಚ್ಕೋಬ್ಯಾಡ. ಬಾವ್ಯಾಗ ಸಿಕ್ಕಿತ್ತಂತ ಎಲ್ಲರೂ ಅಂತಾರಲ್ಲ."

"ಎಲ್ಲರೂ ಅಂದ್ರ ಯಾರು? ಒಬ್ಬರ ಹೆಸರು ಹೇಳು ಅನ್ನು."

ಕಾಕಾ ಬಾಯಿ ತೆರೆದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೂತಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಕಂಡೆ ಅನ್ನುವವರು ಯಾರೂ ಇಲ್ಲ, ಕಂಡವರಿಂದ ಕೇಳಿದೆ ಅನ್ನುವವರೂ ಇಲ್ಲ. ಪಟೇಲರ ಮನೆಯಲ್ಲೇ ಆ ತಂಬಿಗೆ ಯಾವುದೆಂದು ಗೊತ್ತಿಲ್ಲ. ಚೇಷ್ಟೆಯೊಂದೇ ಎಲ್ಲರ ಬಾಯಿಂದ ಬಾಯಿಗೆ ಬಂದಿತ್ತು, ಸಾಕ್ಷಿ ಎಲ್ಲೋ ಹಿಂದೆ ಉಳಿದುಹೋಗಿತ್ತು.

"ಹೋಗ್ಲಿ ಬಿಡು," ಕಾಕಾ ಕೊನೆಗೆ ಅಂದರು, "ನಾನ ಹೇಳ್ತೀನಿ. ನೀ ಕದ್ದಿಲ್ಲ. ಆತಿಲ್ಲೋ?"

"ಆಗಂಗಿಲ್ಲ ಅನ್ನು ಕಂಬಪ್ಪಾ. ತಂಬಿಗಿ ಅವರ ಮನೀದು. ಫಿರ್ಯಾದಿ ಮನಿಯವರು ಫೈಸಲಾ ಕೊಡಾಕ ಬರಂಗಿಲ್ಲ. ಅವರಜ್ಜಗ ಈ ಕಾಯ್ದಿ ಗೊತ್ತಿತ್ತು ಅನ್ನು."

ಕಾಕಾ ಅತಿಥಿಗಳಿಗೆ ತಂದಿದ್ದ ಶಾಲುಗಳಲ್ಲಿ ಒಂದನ್ನು ಬಿಡಿಸಿ ಅಜ್ಜಿಗೆ ಹೊದಿಸಲು ಬಂದರು.

"ಚಳಿ ಇಲ್ಲ ಅನ್ನು."

ಮುಂದೆ ನಡೆದದ್ದು ಬಹಳ ಬೇಗ ನಡೆಯಿತು. ಅಜ್ಜಿ ಚೊಂಬಿನ ನೀರನ್ನು ಕಂಬಕ್ಕೆ ಎರಚಿ, ಅಂದು ವಿಶೇಷವಾಗಿ ದಪ್ಪಗೆ ಬಳಿದಿದ್ದ ಅರಿಶಿಣವನ್ನು ಎರಡೂ ಕೈಯಿಂದ ಉಜ್ಜತೊಡಗಿದಳು. ಸೆರಗು ಜಾರಿತು, ಬಿಳಿ ಕೂದಲು ಬಿಚ್ಚಿಕೊಂಡಿತು. "ಎಲ್ಲೈತಿ ನನ್ನ ಚುಕ್ಕಿ, ಎಲ್ಲೈತಿ" ಅನ್ನುತ್ತಿದ್ದಳು. ಹೆಂಗಸರ ಸಾಲಿನಿಂದ ಒಂದು ಕೂಗು ಎದ್ದಿತು: "ಮೈಮ್ಯಾಲ ಬಂದಾಳ! ಕಂಬದವ್ವ ಬಂದಾಳ!" ಸಾಲು ಸಾಲೇ ಎದ್ದು ಕೈ ಮುಗಿಯಿತು. ಎಲ್ಲಿಂದಲೋ ಕರ್ಪೂರ ಬಂತು, ಕಾಯಿ ಒಡೆದರು. "ಏನು ಬೇಕು ಕೇಳು ತಾಯೀ" ಎಂದು ಒಬ್ಬಳು ಅಜ್ಜಿಯ ಕಾಲು ಹಿಡಿದಳು.

"ಫೈಸಲಾ ಬೇಕು. ಕಾಲು ಬಿಡು."

"ಕಂಬ ಕಿತ್ತಬ್ಯಾಡ್ರಿ ಅನ್ನಾಕತ್ತಾಳ!" ಇನ್ನೊಬ್ಬಳು ಅರ್ಥ ಹೇಳಿದಳು.

ಬಸಣ್ಣ ಕಾಕಾನಿಗೆ ಹೋದ ಜೀವ ಬಂದಂತಾಯಿತು. ನನ್ನ ಕೈಯಿಂದ ಮೈಕು ಕಸಿದು, ಈ ಕಂಬಕ್ಕೆ ಯಾರೂ ಕೈ ಹಚ್ಚುವಂತಿಲ್ಲ ಎಂದು ಸಾರಿದರು. ಜೈಕಾರ ಮುಗಿಲಿಗೆ ಹೋಯಿತು. ಹುಡುಗರು ಹಲಗೆ ಬಾರಿಸಿದರು. ಗದ್ದಲದಲ್ಲಿ ಅಜ್ಜಿ ಉಜ್ಜಿ ಉಜ್ಜಿ ಹಳೆಯ ಜಾಗ ಹುಡುಕಿಕೊಂಡಳು, ಡಬ್ಬಿ ತೆರೆದು ಬೆರಳಿಗೆ ಸುಣ್ಣ ತೆಗೆದುಕೊಂಡು ಒಂದು ಚುಕ್ಕಿ ಇಟ್ಟಳು, ಕೂದಲು ಗಂಟು ಹಾಕಿಕೊಂಡು ಮನೆಗೆ ನಡೆದಳು. ದಾರಿಯುದ್ದಕ್ಕೂ ಜನ ಬಾಗಿ ನಮಸ್ಕರಿಸಿದರು.

ಕಳ್ಳಿಯ ಮೊಮ್ಮಗಳಾಗಿರುವುದಕ್ಕಿಂತ ದೇವಿಯ ಮೊಮ್ಮಗಳಾಗುವುದು ಮೇಲು ಎಂದು ನೀವು ಅನ್ನಬಹುದು. ಆ ಅರ್ಧ ಗಂಟೆಯಲ್ಲಿ ನಾನು ಎರಡೂ ಆದೆ. ಕಿವಿ ಬಿಸಿಯಾಗುವುದು ಎರಡಕ್ಕೂ ಒಂದೇ ತರಹ. ನಕ್ಕವರೂ ಅಜ್ಜಿ ಹೇಳಿದ್ದನ್ನು ಕೇಳಲಿಲ್ಲ, ಕೈ ಮುಗಿದವರೂ ಕೇಳಲಿಲ್ಲ. ಅದರ ಮೇಲೆ, ಅನಾದಿ ಕಾಲದಿಂದ ಎಂದು ಬರೆದವಳು ನಾನೇ ಅಲ್ಲವೇ.

ಮಧ್ಯಾಹ್ನ ಅಜ್ಜಿ ಪಡಸಾಲೆಯಲ್ಲಿ ಎಲೆಗೆ ಸುಣ್ಣ ಸವರುತ್ತ ಕೂತಿದ್ದಳು.

"ಅದನ್ನ ಬರದಾಕಿ ನೀನ?"

"ಹೂಂ."

"ಎಷ್ಟು ಮನಿ ಕೇಳಿ ಬರದಿ?"

"ಹನ್ನೊಂದು."

"ಹನ್ನೆರಡನೇ ಮನಿ ಇದು. ಡೈರಿ ತಗೊಂಡು ಬಾ."

ಕಂಬದ ಪದ್ಧತಿ, ವಾಯಿದೆ, ಚುಕ್ಕಿ, ಬಾವಿಯ ತಂಬಿಗೆ ಎಂದು ನೀವು ಮೇಲೆ ಓದಿದ್ದೆಲ್ಲ ಅಂದು ಅವಳು ಹೇಳಿದ್ದು. ಹೇಳುವಾಗ ನನ್ನನ್ನು ನೋಡಿಯೇ ಹೇಳಿದಳು, ಕಂಬಕ್ಕಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಬೈದಿದ್ದರೆ ಗೋಡೆಯ ಮೇಲಿನ ಹಲ್ಲಿಗಾದರೂ ಏನೋ ಒಂದು ಉತ್ತರ ಕೊಡಬಹುದಿತ್ತು.

ಚಾವಡಿಯಲ್ಲಿ ಪಂಚರಾಗಿ ಕೂಡುವ ಹಕ್ಕು ಐದು ಮನೆಗಳದು, ಅಪ್ಪನ ತರುವಾಯ ಮಗನಿಗೆ. ಪಟೇಲರ ಮನೆ ಫಿರ್ಯಾದಿಯದಾದ್ದರಿಂದ ಬಿಟ್ಟರೆ ನಾಲ್ಕು ಉಳಿದವು: ಕುಲಕರ್ಣಿಯವರದು, ಗಾಣಿಗರದು, ಬೀರಪ್ಪನ ಪೂಜಾರಿಗಳದು, ಅಂಗಡಿಯವರದು. ನಾಲ್ಕರಲ್ಲಿ ಒಂದು ಮನೆಯವರು ಬಂದು ಫೈಸಲಾ ಹೇಳಿ ಚುಕ್ಕಿ ಒರೆಸಿದರೂ ಅಜ್ಜಿಗೆ ಸಾಕು. ನಾಲ್ಕೂ ಮನೆಯವರು ಪೇಟೆ ಬಿಟ್ಟು ಹೋಗಿದ್ದಾರೆ. ಅಂಗಡಿಯವರ ಮೊಮ್ಮಗ ಗದ್ವಾಲದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾರೆಂದು ತಿಳಿಯಿತು. ಕಳೆದ ಭಾನುವಾರ ಬಸ್ಸು ಹತ್ತಿ, ಕೃಷ್ಣೆ ದಾಟಿ ಹೋದೆ.

ಅವರಿಗೆ ಕನ್ನಡ ಕೊಂಚವೇ ಬರುತ್ತದೆ. ಮಕ್ತಲ, ಚಾವಡಿ, ನಿಮ್ಮ ತಾತ ಎಂದದ್ದೇ ಗಾಬರಿಯಾಗಿ, "ಆಸ್ತಿ ವಿಷಯಮಾ?" ಎಂದರು. ಆಸ್ತಿಯಲ್ಲ, ನಿಮ್ಮ ತಾತ ಅಲ್ಲಿ ನ್ಯಾಯ ಹೇಳುತ್ತಿದ್ದರು ಎಂದೆ. "ಮಾ ತಾತ ಜಡ್ಜಾ?" ಮುಖ ಅರಳಿತು. ಹೆಂಡತಿಯನ್ನು ಕರೆದು ಹೇಳಿದರು, ಚಹಾ ತರಿಸಿದರು, ನನ್ನ ಕ್ಯಾಮೆರಾದಲ್ಲಿದ್ದ ಚಾವಡಿಯ ಚಿತ್ರದಲ್ಲಿ ತಾತ ಎಲ್ಲಿ ಕೂಡುತ್ತಿದ್ದರು ಎಂದು ಎರಡು ಸಲ ಕೇಳಿ ನೋಡಿದರು. ಪೂರ್ತಿ ಕೇಳಿದ ಮೇಲೆ ಚಹಾದ ಲೋಟ ಪಕ್ಕಕ್ಕಿಟ್ಟರು. ಗಿರಾಕಿಯೊಬ್ಬರಿಗೆ ಮಾತ್ರೆ ಕತ್ತರಿಸಿ ಕೊಟ್ಟು, ತಿರುಗಿ ಬಂದು ತೆಲುಗು ಕನ್ನಡ ಬೆರೆಸಿ ಅಂದರು: "ನಾನು ಚೂಡಲೇದಮ್ಮಾ. ತಾತ ನಮಗೆ ಏಮೀ ಹೇಳಿಲ್ಲ. ನೋಡಿಲ್ಲ, ಕೇಳಿಲ್ಲ, ಹೆಂಗ ಹೇಳಬೇಕು? ಅಜ್ಜಿಗೆ ಸುಳ್ಳು ಹೇಳಿದಂಗ ಅಲ್ವಾ?"

ಬಸ್ಸಿನಲ್ಲಿ ಹಿಂದಿರುಗುವಾಗ ಅಜ್ಜಿಗೆ ಹೇಗೆ ಹೇಳುವುದು ಎಂದು ನಾಲ್ಕು ವಾಕ್ಯ ಜೋಡಿಸಿಕೊಂಡು ಬಂದೆ. ಒಂದೂ ಬೇಕಾಗಲಿಲ್ಲ. ಅವಳು ಕೇಳಿ ತಲೆಯಾಡಿಸಿದಳು.

"ಸರಿಯಾಗಿ ಹೇಳ್ಯಾನ. ನೋಡದಾಂವ ಹೆಂಗ ಹೇಳ್ತಾನ? ಅವರಜ್ಜನೂ ಹಂಗ ಇದ್ದ. ಆ ಮನಿ ಕೆಟ್ಟಿಲ್ಲ."

ಮರುದಿನ ಸೋಮವಾರ. ಅವಳಿಗೆ ಈಗ ಮೊಣಕಾಲು ನೋವು. ನಾನು ಜೊತೆಗೆ ಹೋದೆ, ಚೊಂಬು ಹಿಡಿದುಕೊಂಡು. ಜನ ನಮಸ್ಕರಿಸಿದರು. ನಾನು ತಲೆ ತಗ್ಗಿಸಿಕೊಂಡೇ ನಡೆದೆ. ಇನ್ನೂ ತಲೆ ಎತ್ತಲು ಬಂದಿಲ್ಲ. ಅವಳು ಮಾತ್ರ ಎತ್ತಿಕೊಂಡೇ ನಡೆದಳು.

ಇಷ್ಟು ಬರೆಯುವಷ್ಟರಲ್ಲಿ ಒಂಬತ್ತೂಕಾಲು. ಅವ್ವ ಈಗ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಚೌಕಟ್ಟಿನ ಮೇಲೆ ಕೈಯಿಟ್ಟು, ಅದಕ್ಕೆ ಹೇಳುತ್ತಿದ್ದಾಳೆ: "ತಂಬಿಗಿಗೆ ಬೆಳ್ಳಿ ಕಟ್ಟು ಇತ್ತಂತ ಬರದಾಳನು ಕೇಳು. ಕಟ್ಟಿನ ಗುರುತು ಇಲ್ಲಂದ್ರ ಯಾರಿಗೂ ನೆನಪಾಗಂಗಿಲ್ಲ." ಬರೆದಿದ್ದೇನೆ ಎಂದು ಚೌಕಟ್ಟಿಗೆ ಹೇಳಿದೆ.

ಓದುವವರಲ್ಲಿ ಕೇಳಿಕೊಳ್ಳುವುದು ಇಷ್ಟು. ಮಕ್ತಲದ ಹಳೇ ಪೇಟೆಯಿಂದ ಹೊರಟು ಹೋದ ಕುಲಕರ್ಣಿಯವರು, ಗಾಣಿಗರು, ಬೀರಪ್ಪನ ಪೂಜಾರಿಗಳು ರಾಯಚೂರಿನಲ್ಲೋ ಹೈದರಾಬಾದಿನಲ್ಲೋ ರಾಜೋಳಿ, ಅಲಂಪುರದ ಕಡೆಯೋ ಇರಬಹುದು. ಪಟೇಲರ ಬಾವಿಯ ಹೂಳು ತೆಗೆದ ಕೂಲಿಗಳ ಮನೆಯವರೂ ಎಲ್ಲೋ ಇರುತ್ತಾರೆ. ನಿಮ್ಮ ಮನೆಯ ಹಿರಿಯರು ಎಂದಾದರೂ, ಉಣ್ಣುವಾಗಲೋ ಮಲಗುವಾಗಲೋ, ಬಾವಿಯ ರಾಡಿಯಲ್ಲಿ ಬೆಳ್ಳಿ ಕಟ್ಟಿನ ತಂಬಿಗೆ ಬಂತು ಎಂದು ಹೇಳಿದ್ದನ್ನು ನೀವು ಕೇಳಿದ್ದರೆ, ಕೇಳಿದಷ್ಟನ್ನೇ ಬರೆದು ಈ ಪತ್ರಿಕೆಗೆ ಕಳಿಸಿ. ಹೆಚ್ಚು ಬರೆಯಬೇಡಿ, ಅಜ್ಜಿ ಅಡ್ಡಪ್ರಶ್ನೆ ಹಾಕುತ್ತಾಳೆ. ಯಾವ ಭಾಷೆಯಲ್ಲಾದರೂ ಇರಲಿ. ಲಕೋಟೆಯ ಮೇಲೆ ನನ್ನ ಹೆಸರೂ ಬೇಡ, ಅಜ್ಜಿಯದೂ ಬೇಡ. ಕಂಬಪ್ಪನಿಗೆ ಎಂದು ಬರೆಯಿರಿ. ಸೋಮವಾರ ನಾನು ಅವನಿಗೆ ಓದಿ ಹೇಳುತ್ತೇನೆ, ಗಟ್ಟಿಯಾಗಿ, ಪೇಟೆಗೆಲ್ಲ ಕೇಳಿಸುವ ಹಾಗೆ.